ಅಪ್ಪನ ಕಾರಿನ ಏಸಿ

ತಮ್ಮಾ,

ಬೆಳಗಿನ ಜಾವಕ್ಕೆ ನಿದ್ದೆ ಹೋಗಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಆಸ್ಪತ್ರೆಗೆ ಹೊರಟಿದ್ದೇನೆ. ಅಪ್ಪನಿಗೆ ಎಚ್ಚರವಾಗಿದೆಯಂತೆ, ಮಾತು ಮಾತ್ರ ಇನ್ನೂ ತೊದಲುತ್ತಿದೆ ಎಂದು ನರ್ಸ್ ಫೋನ್ ಮಾಡಿದ್ದರು.

ಹತ್ತು ಗಂಟೆಗೆ ಮೆಕ್ಯಾನಿಕ್ ಬಂದು ಕಾರು ಎಳೆದುಕೊಂಡು ಹೋಗುತ್ತಾನೆ. ಕೀಲಿ ಫ್ರಿಜ್ ಮೇಲಿದೆ. "ಗ್ಯಾಸ್ ತುಂಬ್ಸಿದ್ರೆ ಸಾಕು ಸಾರ್" ಎಂದು ಮತ್ತೆ ರಾಗ ಎಳೆದರೆ ಕಿವಿಗೊಡಬೇಡ. ಏಸಿಯ ಕಂಪ್ರೆಸರ್ ಜಾಮ್ ಆಗಿದೆ, ಹೊಸದನ್ನೇ ಹಾಕಿಸು. ಹಳೆಯದು ಉದುರಿಸಿದ ಲೋಹದ ಪುಡಿ ಪೈಪಿನಲ್ಲಿ ಉಳಿದರೆ ಹೊಸದೂ ಕೆಡುತ್ತದೆ. ಪೈಪುಗಳನ್ನು ತೊಳೆಸು, ಎದುರಿಗೇ ನಿಂತು ನೋಡು.

ಹಳೇ ಕಾರು, ಮಾರಿಬಿಡೋಣ ಎಂದು ಮಾತ್ರ ಶುರು ಮಾಡಬೇಡ. ಅಪ್ಪನ ಗಾಲಿಕುರ್ಚಿ ಹಿಡಿಸುವುದು ಅದೊಂದರಲ್ಲೇ.

ನಿನ್ನೆ ಸಿಗ್ನಲ್ಲಿನಲ್ಲಿ ಏಸಿ ನಿಂತು ಅಪ್ಪ ಸೆಕೆಗೆ ಕುಸಿದಾಗ, "ರಿಪೇರಿ ಮುಂದೆ ಹಾಕಿದ್ದು ನೀನೇ, ಎಲ್ಲಾ ನಿನ್ನಿಂದ್ಲೇ" ಎಂದು ಜನರೆದುರಿಗೇ ನಿನ್ನ ಮೇಲೆ ಹರಿಹಾಯ್ದೆ. ನೀನು ಅಪ್ಪನಿಗೆ ಗಾಳಿ ಬೀಸುತ್ತಲೇ ಇದ್ದೆ.

ಬಾನೆಟ್ಟಿನೊಳಗಿನ ಕರಕರ ಸದ್ದು ಹದಿನೈದು ದಿನದಿಂದ ನನಗೂ ಕೇಳಿಸುತ್ತಿತ್ತು ಕಣೋ. ರೇಡಿಯೊ ಜೋರು ಮಾಡಿಕೊಂಡು ಓಡಿಸುತ್ತಿದ್ದೆ. ಇದನ್ನು ಅಪ್ಪನಿಗೆ ಇವತ್ತು ನಾನೇ ಹೇಳುತ್ತೇನೆ.

ಅಕ್ಕ