ಅಂಬಾಸಿಡರಿನ ಮುಂದಿನ ಸೀಟು

ಅರಕಲಗೂಡು, ಶನಿವಾರ

ಅಪ್ಪಾಜಿಗೆ ನಮಸ್ಕಾರ.

ಎದುರಿಗೆ ಹೇಳಿದರೆ ಎದ್ದು ಹೋಗುತ್ತೀರಿ, ಅದಕ್ಕೇ ಬರೆದಿಟ್ಟಿದ್ದೇನೆ. ಎಪ್ಪತ್ತೆಂಟರ ಅಂಬಾಸಿಡರ್, ತೊಂಬತ್ತೊಂಬತ್ತರ ಎಸ್ಟೀಮ್, ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳೋಣ ಎಂದು ಕೇಳಿದ್ದಿರಿ. ಎಸ್ಟೀಮ್ ಹಗುರ, ಎ.ಸಿ. ಇದೆ, ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಆದರೆ ಅದರಲ್ಲಿ ನಮ್ಮಿಬ್ಬರ ಸೀಟಿನ ನಡುವೆ ಗೇರು, ಹ್ಯಾಂಡ್‌ಬ್ರೇಕ್ ಇವೆ. ಅಂಬಾಸಿಡರಿನ ಮುಂದಿನ ಸೀಟು ಒಂದೇ ಉದ್ದದ್ದು. ಗುರುವಾರ ಹೊಳೆನರಸೀಪುರದ ರಸ್ತೆಯಲ್ಲಿ ನಾನು ಸರ್ರನೆ ಜರುಗಿ ನಿಮ್ಮ ಕೈಯಿಂದ ಸ್ಟೀರಿಂಗ್ ಎಳೆಯಲು ಆದದ್ದು ಅದರಿಂದಲೇ. ಇಲ್ಲದಿದ್ದರೆ ಹಾಲಿನ ಸುಬ್ಬಮ್ಮನಿಗೆ ಕಾರು ಗುದ್ದುತ್ತಿತ್ತು.

"ಅವ್ಳೇ ಅಡ್ಡ ಬಂದ್ಬುಟ್ಲು ಕಣವ್ವ" ಎಂದಿರಿ. ಇಲ್ಲ ಅಪ್ಪಾಜಿ. ಅವರು ಕ್ಯಾನ್ ಹಿಡಿದು ರಸ್ತೆಯ ಅಂಚಿನಲ್ಲೇ ನಡೆಯುತ್ತಿದ್ದರು. ನಿನ್ನೆ ಅವರನ್ನು ನೋಡಿಕೊಂಡು ಬಂದೆ. ಕಾರು ಕಂಡು ಬೆದರಿ ಬಿದ್ದದ್ದಕ್ಕೆ ಮೊಣಕೈ ತರಚಿದೆ, ಅಷ್ಟೆ. "ಯಜಮಾನ್ರಿಗೆ ನಾನು ಕಾಣ್ಲೇ ಇಲ್ವೇನವ್ವ?" ಎಂದು ಕೇಳಿದರು.

ಅಂಬಾಸಿಡರ್ ಇರಲಿ. ಎರಡೂ ಕಾರಿನ ಕೀ ನನ್ನ ಹತ್ತಿರ ಇವೆ, ಹುಡುಕಬೇಡಿ. ಸೋಮವಾರ ಹತ್ತು ಗಂಟೆಗೆ ಹಾಸನದ ಕಣ್ಣಿನ ಡಾಕ್ಟರು ಬರಹೇಳಿದ್ದಾರೆ. ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕೂತು ಬನ್ನಿ.

ಅವ್ವನಿಗೆ ಇನ್ನೂ ಏನೂ ಹೇಳಿಲ್ಲ. ನೀವು ಬಂದರೆ ಹೇಳುವುದೂ ಇಲ್ಲ.

ನಿಮ್ಮ ಮಗಳು,
ನಿಸರ್ಗ