ಹೆಣ್ಣು ಗಿಡ ಅರಳಿದೆ

ಅಣ್ಣನಿಗೆ ನಮಸ್ಕಾರ.

ಮೊನ್ನೆ ಫೋನಿನಲ್ಲಿ ನೀನು, "ಇಡೀ ಗುಡ್ಡ ಅಗೆಯೋನಿಗೆ ಒಂದು ಪೊದೆ ಕಣ್ಣಿಗೆ ಬೀಳುತ್ತೇನೇ? ಅದಕ್ಯಾಕೆ ಇಷ್ಟು ಅಳ್ತೀಯ?" ಎಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪೊದೆಯ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಎಲೆಯ ಬೆನ್ನಿಗೆ ಬೆಳ್ಳಿ ರೋಮ, ಗೊಂಚಲು ಗೊಂಚಲು ಬಿಳಿ ಹೂ. ದೂರದಿಂದ ಎರಡೂ ಒಂದೇ. ನಮ್ಮ ಸಸ್ಯತೋಟದಲ್ಲಿರುವುದು ಹೆಣ್ಣು ಮಾತ್ರ. ಎಷ್ಟು ಹುಡುಕಿದರೂ ನಮಗೆ ಸಿಕ್ಕ ಗಂಡು ಗಿಡ ನೀನು ಅಗೆದ ಗುಡ್ಡದ ಇಳಿಜಾರಿನದೊಂದೇ. ಪ್ರತಿವರ್ಷ ಅದರ ಪರಾಗವನ್ನು ಡಬ್ಬಿಯಲ್ಲಿ ತಂದು ಇದಕ್ಕೆ ಸವರುತ್ತಿದ್ದೆ. ಬೀಜ ಕಟ್ಟುತ್ತಿತ್ತು, ಸಸಿ ಮಾತ್ರ ಒಂದೂ ಉಳಿದಿಲ್ಲ.

ಯಾರಾದರೂ ಕಿತ್ತೊಯ್ದಾರೆಂದು ಆ ಜಾಗವನ್ನು ನಿನಗೂ ಹೇಳಿರಲಿಲ್ಲ. ತಪ್ಪು ನನ್ನದು. ರಸ್ತೆಗೆ ಗೆರೆ ಎಳೆದವರು ಬೇರೆ, ನೀನು ಯಂತ್ರ ಓಡಿಸಿದೆ, ಅಷ್ಟೇ.

ನಿನ್ನೆ ನೀವು ಮಣ್ಣು ಸುರಿದಲ್ಲಿಗೆ ಹೋಗಿ ಕೈಯಲ್ಲೇ ಕೆದಕಿದೆ. ಅದರದೇ ಒಂದು ಕೊಂಬೆ ಸಿಕ್ಕಿತು. ಉಗುರಿನಿಂದ ಕೆರೆದರೆ ಒಳಗೆ ಹಸಿರೇ ಇಲ್ಲ. ಆದರೂ ಮರಳಿನಲ್ಲಿ ನೆಟ್ಟಿದ್ದೇನೆ, ಮನಸ್ಸು ಕೇಳಬೇಕಲ್ಲ.

ಮಿಕ್ಕ ಮಣ್ಣು ಎಲ್ಲಿಗೆ ಹೋಯಿತೆಂದು ಲಾರಿಯವರನ್ನು ವಿಚಾರಿಸು. ಬೆರಳುದ್ದದ ಬೇರು ಸಿಕ್ಕರೂ ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸು. ಸಿಗಲಾರದೆಂದು ನನಗೂ ಗೊತ್ತು.

ಇಂದು ಬೆಳಿಗ್ಗೆ ಹೆಣ್ಣು ಗಿಡ ಮೈತುಂಬ ಅರಳಿದೆ. ಹೂವಿನೊಳಗಿನ ಅಂಟು ಮೂರು ದಿನಕ್ಕೆ ಆರಿಹೋಗುತ್ತದೆ. ಆಮೇಲೆ ಪರಾಗ ಹಿಡಿಯುವುದಿಲ್ಲ. ತೋಟದ ಮೇಲಧಿಕಾರಿ ಪಕ್ಕಕ್ಕೆ ಬಂದು ನಿಂತು, "ಗುಡ್ಡದ ಗಿಡ ಯಾರು ಕಿತ್ತಿದ್ದು, ಗೊತ್ತಾಯ್ತೇನಮ್ಮ?" ಎಂದು ಕೇಳಿದರು.

"ಗೊತ್ತಿಲ್ಲ ಸರ್" ಎಂದೆ.

ನಿನ್ನನ್ನು ಯಾರಾದರೂ ಕೇಳಿದರೆ ನೀನೂ ಹಾಗೇ ಹೇಳು.

ನಿನ್ನ ತಂಗಿ