ರಸ್ತೆ ದಾಟುವ ಬೀಡಿ

ನಿಪ್ಪಾಣಿ, 1994

ವಖಾರಿಯ ಗೇಟು ಕಾಯುವ ನನ್ನ ಅಜ್ಜ ಮುರಗೆಪ್ಪನಿಗೆ ಮೊಮ್ಮಗ ಬಾಬಾಸಾಹೇಬನ ನಮಸ್ಕಾರಗಳು.

ಅಜ್ಜಾ, ಇಷ್ಟು ದಿನ ಮುಚ್ಚಿಟ್ಟದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಈಚಿನ ವರ್ಷಗಳಲ್ಲಿ ನೀನು ಗೇಟಿನಿಂದ ಕೂಗಿದಾಗಲೆಲ್ಲ ನಾನು ಬೀಡಿ ಹೊತ್ತಿಸಿಕೊಂಡು ಓಡಿ ಬರುತ್ತಿದ್ದದ್ದು ನಿನ್ನ ಮೇಲಿನ ಭಕ್ತಿಯಿಂದಲ್ಲ. ನಾನು ಓಡದಿದ್ದರೆ ತಂಗಿ ಸಾವಿ ಓಡುತ್ತಿದ್ದಳು. ಅವಳ ಬಾಯಿಗೆ ಅದು ಹೋಗಬಾರದೆಂದು ನಾನು ಮೊದಲು ಏಳುತ್ತಿದ್ದೆ. ಇನ್ನೊಂದನ್ನೂ ಬಚ್ಚಿಡುವುದಿಲ್ಲ. ದಾರಿಯಲ್ಲಿ ಸಿಗುವ ಆ ದಮ್ಮು ನನಗೂ ಬೇಕಾಗಿತ್ತು. 'ಸಾಲಿ ಬಿಟ್ರೂ ನನ್ನ ಮೊಮ್ಮಗ ಕರದರ ಓಡಿ ಬರತಾನ' ಎಂದು ನೀನು ಮಂದಿಯ ಮುಂದೆ ಹೇಳುವಾಗ ನನಗೆ ನಿನ್ನ ಮುಖ ನೋಡಲಾಗುತ್ತಿರಲಿಲ್ಲ.

ವಖಾರಿಯ ತುಂಬ ಒಣ ತಂಬಾಕಿನ ಚೀಲಗಳು. ಕಡ್ಡಿಪೆಟ್ಟಿಗೆ ಆ ಗೇಟು ದಾಟುವಂತಿಲ್ಲ. ಕೆಲಸಕ್ಕೆ ಬರುವ ಹೆಂಗಸರ ಸೆರಗಿನ ಗಂಟನ್ನೂ ನೀನು ಬಿಚ್ಚಿಸಿ ನೋಡುತ್ತೀ. ನಿನ್ನ ಜೇಬಿನಲ್ಲೇ ಕಡ್ಡಿ ಸಿಕ್ಕರೆ ಸಾವುಕಾರರು ಬಿಟ್ಟಾರೆಯೇ? ಅದಕ್ಕೇ ಎದುರಿಗಿರುವ ನಮ್ಮ ಮನೆಯ ಒಲೆಯಲ್ಲಿ ಹೊತ್ತಿದ ಬೀಡಿ ರಸ್ತೆ ದಾಟಿ ಬರಬೇಕು. ನೀನು ಗೋಡೆಯ ಮೂಲೆಗೆ ಸರಿದು, ಸಾವುಕಾರರಿಗೆ ಕಾಣದಂತೆ ಸೇದಬೇಕು. ಬೀಡಿ ಸಿಗರೇಟಿನಂತಲ್ಲ, ಜಗ್ಗದಿದ್ದರೆ ನಡುದಾರಿಯಲ್ಲೇ ಆರುತ್ತದೆ. ಆರಿದ ಬೀಡಿ ತಂದರೆ ನೀನು ಬೈಯುತ್ತೀ. ಹಾಗಾಗಿ ಒಲೆಯ ಮುಂದೆ ಒಂದು ದಮ್ಮು, ರಸ್ತೆಯಲ್ಲಿ ಇನ್ನೊಂದು. ಶಾಲೆಯ ಎರಡನೇ ಇಯತ್ತೆಯಲ್ಲಿ ನಾನು ಸೇದಲು ಕಲಿತದ್ದು ಹೀಗೆಯೇ. ಮುಂದೆ ತರಗತಿಯಲ್ಲಿ ಒಂದು ತಾಸು ಕೂರಲಾಗದೆ ಹೊರಗೆ ಓಡುತ್ತಿದ್ದೆ. ಮಾಸ್ತರರು ನನ್ನನ್ನು ಉಡಾಳ ಎಂದರು. ಓದು ತಲೆಗೆ ಹತ್ತದೆ ನಾನು ಶಾಲೆ ಬಿಟ್ಟದ್ದಲ್ಲ ಅಜ್ಜಾ, ಬೀಡಿ ಇಲ್ಲದೆ ಅಲ್ಲಿ ಇರಲಾಗದೆ ಬಿಟ್ಟೆ.

ಹೋದ ವಾರ ವಖಾರಿಯ ಲೆಕ್ಕ ಬರೆಯುವ ದಿವಾನಜಿ ಕಾಕಾಸಾಹೇಬರು ಗೇಟಿನ ಮುಂದೆ ಪೇಪರು ಓದಿದ್ದು ನಿನಗೆ ನೆನಪಿರಬೇಕು. ಸಣ್ಣ ಮಕ್ಕಳಿಗೆ ಬೀಡಿ ಸಿಗರೇಟು ಸಿಗದಂತೆ ಕಾಯ್ದೆ ಮಾಡಬೇಕೆಂದು ದಿಲ್ಲಿಯ ಸಂಸತ್ತಿನಲ್ಲಿ ಚರ್ಚೆ ನಡೆದಿತ್ತು. ಮಾರುವ ಅಂಗಡಿಕಾರನಿಗೆ ದಂಡ ಹಾಕಬೇಕೆಂದು ಒಬ್ಬ ಸದಸ್ಯರು ಹೇಳಿದ್ದರು. ಬೀಡಿ ಕಟ್ಟುವವರ ಹೊಟ್ಟೆಯ ಗತಿಯೇನೆಂದು ಇನ್ನೊಬ್ಬರು ಕೇಳಿದ್ದರು. ಕೊಳ್ಳಲು ಬಂದವನ ವಯಸ್ಸನ್ನು ಮೀಸೆ ಮುಟ್ಟಿ ನೋಡುವುದೇ ಎಂದು ಮತ್ತೊಬ್ಬರು ಸಭೆಯನ್ನು ನಗಿಸಿದ್ದರಂತೆ. ಅದನ್ನು ಕೇಳಿ ಹಮಾಲ ತವನಪ್ಪ, 'ಹಿಡಿಯಾಕ ಹತ್ತಿದ್ರ ನಿಪ್ಪಾಣಿ ಸಾಲಿ ಎಲ್ಲಾ ಜೇಲಿನ್ಯಾಗ ನಡಸಬೇಕಾಕ್ಕೈತ್ರಿ' ಎಂದ. ನೀನು, 'ನಮ್ಮ ಮನಿಗೆ ಆ ಕಾಯ್ದೆ ಹತ್ತೂದಿಲ್ಲ ಬಿಡ್ರಿ. ಸೊಸಿ ಕಟ್ಟತಾಳ, ನಾ ಸೇದತೀನಿ. ಮಾರಾವ್ರು ಯಾರು, ಕೊಳ್ಳಾವ್ರು ಯಾರು?' ಎಂದೆ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ನೀನು ಅಂದದ್ದು ಖರೆ ಇತ್ತು. ಆ ಕಾಯ್ದೆ ನಾಳೆ ಬಂದರೂ ನಮ್ಮ ಒಲೆಯ ತನಕ ಬರುವುದಿಲ್ಲ.

ನಿನ್ನೆ ನಾನು ಇಚಲಕರಂಜಿಯ ಬಸ್ಸಿನ ಹೊತ್ತು ಕೇಳಲು ಸ್ಟ್ಯಾಂಡಿಗೆ ಹೋಗಿದ್ದೆ. ತಿರುಗಿ ಬರುವಾಗ ಸಾವಿ ನಡುರಸ್ತೆಯಲ್ಲಿ ನಿಂತಿದ್ದಳು. ಮುಂದಿನ ಹಲ್ಲು ಬಿದ್ದ ಸಂದಿಯಲ್ಲಿ ನಿನ್ನ ಬೀಡಿ ಸಿಕ್ಕಿಸಿಕೊಂಡಿದ್ದಳು. 'ಅಣ್ಣಾ, ನೋಡಿಲ್ಲಿ, ಮೂಗಿನ್ಯಾಗಿಂದ ಬರತೈತಿ' ಎಂದಳು. ಕಣ್ಣಿನ ತುಂಬ ನೀರು, ಮುಖದ ತುಂಬ ನಗು. ನಾನು ಬೀಡಿ ಕಸಿದು ತುಳಿದೆ. ನೀನು ಗೇಟಿನಿಂದಲೇ, 'ಲೇ ಬಾಬ್ಯಾ, ಹೊತ್ತಿದ ಬೀಡಿ ತುಳದ್ಯಲ್ಲಲೇ' ಎಂದು ಬೈದೆ. ಅವ್ವನಿಗೆ ಹೇಳಿದರೆ ಅವಳು ಎಲೆ ಸುತ್ತುವ ಕೈ ನಿಲ್ಲಿಸಲಿಲ್ಲ. 'ಹೆಣ್ಣ ಹುಡುಗಿಗೆ ಚಟಾ ಎಲ್ಲಿ ಹತ್ತತೈತಿ? ದೊಡ್ಡಾಕಿ ಆದಮ್ಯಾಲ ತಾನ ಬಿಡತಾಳ' ಎಂದಳು.

ಸೋದರಮಾವ ಇಚಲಕರಂಜಿಯಲ್ಲಿ ನನಗೆ ಮಗ್ಗದ ಕೆಲಸ ಹಿಡಿದುಕೊಟ್ಟಿದ್ದಾನೆ. ಅಪ್ಪ ಇಲ್ಲದ ಮನೆ, ಹೋಗುವುದಿಲ್ಲ ಎನ್ನಲು ನನಗೆ ಬಾಯಿಲ್ಲ. ಸಾವಿಯನ್ನು ಕರೆದುಕೊಂಡು ಹೋಗುತ್ತೇನೆಂದೆ, ಅವ್ವ ಒಪ್ಪಲಿಲ್ಲ. ನಾನು ಹೋದ ಮೇಲೆ ನಿನ್ನ ಕೂಗಿಗೆ ಅವಳೊಬ್ಬಳೇ. ಇವತ್ತು ಮಧ್ಯಾಹ್ನ ನನಗೆ ಏನೂ ತೋಚದೆ ಸಾವುಕಾರ ಶಾಂತಿನಾಥರ ಆಫೀಸಿನ ಮೆಟ್ಟಿಲ ತನಕ ಹೋಗಿದ್ದೆ. ನೀನು ಗೋಡೆಯ ಮೂಲೆಯಲ್ಲಿ ಬೀಡಿ ಸೇದುವುದನ್ನು ಹೇಳಿಬಿಡೋಣ, ಕೆಲಸ ಹೋದರೆ ನೀನು ಮನೆಯಲ್ಲಿ ಒಲೆಯ ಪಕ್ಕ ಕೂರುತ್ತೀ, ನಿನ್ನ ಬೀಡಿ ನೀನೇ ಹೊತ್ತಿಸಿಕೊಳ್ಳುತ್ತೀ ಎಂದುಕೊಂಡಿದ್ದೆ. ನೀನು ಅವರ ಮುಂದೆ ನಿಂತು ಆ ಖಾಕಿ ಕೋಟು ಬಿಚ್ಚಿಕೊಡುವುದು ಕಣ್ಣಿಗೆ ಕಟ್ಟಿತು. ತಿರುಗಿ ಬಂದೆ.

ಎದುರಿಗೆ ಹೇಳಿದರೆ ಜಗಳವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಬೀಡಿ ಬಿಡು ಎನ್ನುವುದಿಲ್ಲ. ನಾನೇ ಬಿಟ್ಟಿಲ್ಲ. ಊಟಕ್ಕೆ ಮನೆಗೆ ಬಂದಾಗ ಒಲೆಯ ಮುಂದೆ ಕೂತು ಸೇದು, ಉಳಿದ ಹೊತ್ತು ಹೇಗಾದರೂ ತಡೆದುಕೋ. ಅದೆಷ್ಟು ಕಷ್ಟವೆಂದು ನನಗೆ ಗೊತ್ತು. ಸಾವಿಯನ್ನು ಮಾತ್ರ ಕೂಗಬೇಡ. ಅವಳು ಮತ್ತೆ ಬೀಡಿ ಹಿಡಿದು ಬಂದಳೆಂದು ತಿಳಿದರೆ ನಾನು ಬಂದು ಸಾವುಕಾರರಿಗೆ ಹೇಳುತ್ತೇನೆ. ಆಗ ಮೆಟ್ಟಿಲಿನಿಂದ ತಿರುಗುವುದಿಲ್ಲ. ಇದು ಬೆದರಿಕೆಯೇ, ಅಜ್ಜಾ. ನಿನ್ನನ್ನು ಹೆದರಿಸಿದ ಮೊಮ್ಮಗ ಎಂದು ಊರೆಲ್ಲ ಆಡಿಕೊಂಡರೂ ಆಗಲಿ.

ನಿನ್ನ ಮಂಡಿ ನೋವು ಇಳಿಯಲಿ, ನಿನಗೆ ಕೆಮ್ಮಿಲ್ಲದ ನಿದ್ದೆ ಬರಲಿ. ನನ್ನನ್ನು ಎಷ್ಟಾದರೂ ಬೈದುಕೋ, ಶಪಿಸಬೇಡ.

ನಿನ್ನ ಮೊಮ್ಮಗ,
ಬಾಬಾಸಾಹೇಬ

ನಾಳೆ ಮುಂಜಾನೆಯ ಬಸ್ಸಿಗೆ ಹೋಗುತ್ತಿದ್ದೇನೆ.